40 ಲೀಟರ್ ಇನ್ಸಫ್ಲೇಟರ್‌ಗಳ ವಿಮರ್ಶೆ: ಮೆಷೀನ್ ಮುಖದ ಅಂಕಿಗಿಂತ ಅನಿಲದ ದಾರಿ ನೋಡಿ

ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಹೊಟ್ಟೆಯ ಆಪರೇಷನ್ ಮಾಡುವ ಲ್ಯಾಪ್ರೋಸ್ಕೋಪಿ ಸೆಟ್ ಕೊಳ್ಳುವಾಗ ಎಲ್ಲರ ಕಣ್ಣೂ ಕ್ಯಾಮೆರಾ, ಮಾನಿಟರ್ ಮೇಲೆಯೇ. ಎಚ್‌ಡಿ ಸಾಕೋ, 4ಕೆ ಬೇಕೋ ಎಂದು ದಿನಗಟ್ಟಲೆ ಚರ್ಚೆ ನಡೆಯುತ್ತದೆ. ಅದೇ ಟ್ರಾಲಿಯಲ್ಲಿ ಕೂರುವ, ಹೊಟ್ಟೆಗೆ ಅನಿಲ ತುಂಬಿ ಉಬ್ಬಿಸುವ ಇನ್ಸಫ್ಲೇಟರ್ ವಿಷಯ ಬಂದಾಗ ಕೇಳುವುದು ಒಂದೇ ಪ್ರಶ್ನೆ: ಎಷ್ಟು ಲೀಟರ್‌ದು? 20ಕ್ಕಿಂತ 40 ಮೇಲು, 40ಕ್ಕಿಂತ 50 ಮೇಲು ಎಂದುಕೊಂಡು ಆರ್ಡರ್ ಕೊಟ್ಟುಬಿಡುತ್ತಾರೆ. ಆಮೇಲೆ ಥಿಯೇಟರ್‌ನಲ್ಲಿ ಸಕ್ಷನ್ ಹಾಕಿದ ಕೂಡಲೇ ಹೊಟ್ಟೆ ಕುಸಿಯುತ್ತದೆ, ಕರುಳು ಬಂದು ಲೆನ್ಸಿಗೆ ಅಂಟುತ್ತದೆ, "40 ಲೀಟರ್ ಮೆಷೀನ್ ಅಲ್ವೇನ್ರೀ ಇದು?" ಎಂಬ ಮಾತು ಬರುತ್ತದೆ. ಮೆಷೀನ್ 40 ಲೀಟರ್‌ದೇ. ಅನಿಲ ಹಾದುಹೋಗುವ ದಾರಿ ಮಾತ್ರ ಅಷ್ಟು ಅಗಲ ಇರುವುದಿಲ್ಲ.

ಈಗ ಮಾರುಕಟ್ಟೆಯಲ್ಲಿ ಹೆಚ್ಚಾಗಿ ಓಡುತ್ತಿರುವುದು ನಿಮಿಷಕ್ಕೆ 40ರಿಂದ 50 ಲೀಟರ್ ಹರಿವಿನ ಯಂತ್ರಗಳು. ಕಾರ್ಲ್ ಸ್ಟೋರ್ಜ್‌ನ ಎಂಡೋಫ್ಲೇಟರ್ 40, ಒಲಿಂಪಸ್‌ನ ಯುಎಚ್‌ಐ-4, ಸ್ಟ್ರೈಕರ್‌ನ ನ್ಯೂಮೋಶ್ಯೂರ್ ಇದೇ ವರ್ಗದವು; ದೇಶೀ ತಯಾರಿಕೆಯವೂ ಬೇಕಾದಷ್ಟಿವೆ. ಒಂದೊಂದು ಬ್ರ್ಯಾಂಡಿಗೂ ಅಂಕ ಕೊಡುವ ಬದಲು ಈ ವರ್ಗದ ಯಂತ್ರ ನಿಜವಾಗಿ ಏನು ಕೊಡುತ್ತದೆ, ಎಲ್ಲಿ ಕೈಕೊಡುತ್ತದೆ, ಡೆಮೊಗೆ ತಂದಾಗ ಹೇಗೆ ಪರೀಕ್ಷಿಸಬೇಕು ಎಂಬುದನ್ನು ಸಿಲಿಂಡರ್‌ನಿಂದ, ಹೊಟ್ಟೆಯ ಗೋಡೆಗೆ ಚುಚ್ಚಿ ಕೂರಿಸುವ ನಳಿಕೆಯಾದ ಟ್ರೋಕಾರ್‌ವರೆಗೆ ಅನಿಲದ ಜೊತೆಯಲ್ಲೇ ಹೋಗಿ ನೋಡೋಣ. ಸಣ್ಣ ನರ್ಸಿಂಗ್ ಹೋಮ್‌ಗಳ ಸರ್ಜನ್‌ಗಳು, ಅರಿವಳಿಕೆ ತಜ್ಞರು, ಓಟಿ ಸಿಸ್ಟರ್‌ಗಳು ಮತ್ತು ಟೆಕ್ನಿಷಿಯನ್‌ಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು.

ಮೊದಲು ಅನಿಲದ ಮಾತು. 1901ರಲ್ಲಿ ಜರ್ಮನಿಯ ಗೇಯಾರ್ಗ್ ಕೆಲ್ಲಿಂಗ್ ನಾಯಿಯ ಹೊಟ್ಟೆಯೊಳಗೆ ನಳಿಕೆ ಇಳಿಸಿ ನೋಡಿದಾಗ ತುಂಬಿದ್ದು ಸೋಸಿದ ಗಾಳಿ. 1924ರಲ್ಲಿ ಸ್ವಿಟ್ಜರ್ಲೆಂಡ್‌ನ ರಿಚರ್ಡ್ ಝೊಲಿಕೋಫರ್ ಗಾಳಿಯ ಬದಲು ಕಾರ್ಬನ್ ಡೈಆಕ್ಸೈಡ್ ಬಳಸಿ ಎಂದರು. ಕಾರಣಗಳು ಇಂದಿಗೂ ಅವೇ. ಅದು ಉರಿಯುವುದಿಲ್ಲ, ಉರಿಯಲು ನೆರವಾಗುವುದೂ ಇಲ್ಲ; ಹಾಗಾಗಿ ಕಾಟರಿ, ಅಂದರೆ ವಿದ್ಯುತ್ತಿನಿಂದ ಸುಡುವ ಉಪಕರಣ, ಬಳಸಬಹುದು. ರಕ್ತದಲ್ಲಿ ಬೇಗ ಕರಗುತ್ತದೆ, ಶ್ವಾಸಕೋಶದ ಮೂಲಕ ಹೊರಬೀಳುತ್ತದೆ. ಆಕಸ್ಮಿಕವಾಗಿ ರಕ್ತನಾಳಕ್ಕೆ ಸ್ವಲ್ಪ ನುಗ್ಗಿದರೂ ಕರಗಿಹೋಗುವ ಅವಕಾಶ ಇದೆ. ಗಾಳಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ನೈಟ್ರೋಜನ್. ಅದು ಕರಗುವುದಿಲ್ಲ, ಗುಳ್ಳೆಯಾಗಿಯೇ ಹೃದಯ ಸೇರುತ್ತದೆ. 2014ರಲ್ಲಿ ಒಡಿಶಾದ ಅಂಗುಲ್ ಜಿಲ್ಲೆಯ ಸಂತಾನಹರಣ ಶಿಬಿರದಲ್ಲಿ ಹೆಂಗಸರ ಹೊಟ್ಟೆಗೆ ಸೈಕಲ್ ಪಂಪ್‌ನಿಂದ ಗಾಳಿ ತುಂಬಿದ ಸುದ್ದಿ ಬಂದಾಗ ಜನ ಬೆಚ್ಚಿದ್ದು ಪಂಪಿನ ಕೊಳಕಿಗೆ. ಅದಕ್ಕಿಂತ ದೊಡ್ಡ ಅಪಾಯ ಇದ್ದದ್ದು ಆ ಗಾಳಿಯಲ್ಲಿ ಮತ್ತು ಅಳತೆಯಿಲ್ಲದ ಒತ್ತಡದಲ್ಲಿ.

ನೈಟ್ರಸ್ ಆಕ್ಸೈಡ್ ನೋವು ಕಡಿಮೆ ಮಾಡುತ್ತದೆ ಎಂದು ಕೆಲವರು ಬಳಸಿದ್ದುಂಟು. ಆದರೆ ಅದು ಬೆಂಕಿಗೆ ನೆರವಾಗುವ ಅನಿಲ. ಕರುಳಿಗೆ ತೂತು ಬಿದ್ದು ಹೈಡ್ರೋಜನ್, ಮೀಥೇನ್ ಬೆರೆತ ಕಡೆ ಕಾಟರಿ ಹಚ್ಚಿದರೆ ಏನಾಗಬಹುದೆಂದು ಬಿಡಿಸಿ ಹೇಳಬೇಕಿಲ್ಲ.

ಸಿಲಿಂಡರ್ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು, ಏಕೆಂದರೆ ಯಂತ್ರದ ಮೇಲೆ ಬರುವ ದೂರುಗಳಲ್ಲಿ ಬಹಳಷ್ಟು ಇಲ್ಲಿ ಹುಟ್ಟುತ್ತವೆ. ಆಕ್ಸಿಜನ್ ಸಿಲಿಂಡರ್‌ನಲ್ಲಿರುವುದು ಒತ್ತಿ ತುಂಬಿದ ಅನಿಲ; ಮುಳ್ಳು ಅರ್ಧಕ್ಕಿಳಿದರೆ ಅರ್ಧ ಖಾಲಿ ಎಂದರ್ಥ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್‌ನಲ್ಲಿ ಇರುವುದು ದ್ರವ, ಅದರ ಮೇಲೆ ಆವಿ. ದ್ರವ ಒಂದು ಹನಿ ಉಳಿದಿರುವ ತನಕ ಗೇಜ್ ತೋರಿಸುವುದು ಆ ಉಷ್ಣಾಂಶದ ಆವಿಯೊತ್ತಡವನ್ನಷ್ಟೇ: 20 ಡಿಗ್ರಿಗೆ ಸುಮಾರು 57 ಬಾರ್, 25 ಡಿಗ್ರಿಗೆ ಸುಮಾರು 64, 30 ಡಿಗ್ರಿಗೆ ಸುಮಾರು 72. ಮನೆಯ ಅಡುಗೆ ಗ್ಯಾಸ್ ಸಿಲಿಂಡರ್ ಎಷ್ಟು ಉಳಿದಿದೆ ಎಂದು ಎತ್ತಿ ನೋಡುವುದಿಲ್ಲವೇ, ಇಲ್ಲಿಯೂ ಅದೇ: ಗೇಜ್ ನಂಬಬೇಡಿ, ತೂಕ ಮಾಡಿ. ಖಾಲಿ ಸಿಲಿಂಡರ್‌ನ ತೂಕ, ಅಂದರೆ ಟೇರ್ ವೇಟ್, ಅದರ ಭುಜದ ಮೇಲೆ ಕೊರೆದಿರುತ್ತದೆ. ತೂಗಿದ ತೂಕದಲ್ಲಿ ಅದನ್ನು ಕಳೆದರೆ ಒಳಗಿನ ಅನಿಲದ ತೂಕ ಸಿಕ್ಕಿತು. ಒಂದು ಕಿಲೋ ದ್ರವ ಆವಿಯಾದರೆ ಸುಮಾರು 540 ಲೀಟರ್ ಅನಿಲ. ಒಂದು ಗಂಟೆಯ ಪಿತ್ತಕೋಶದ ಆಪರೇಷನ್‌ನಲ್ಲಿ ಸೋರಿಕೆ ಸೇರಿ ಸರಾಸರಿ ನಿಮಿಷಕ್ಕೆ 2 ಲೀಟರ್ ಹೋಯಿತೆಂದರೂ 120 ಲೀಟರ್ ಆಯಿತು. ಕಾಲು ಕಿಲೋಗಿಂತ ಕಡಿಮೆ. ಹೀಗೆ ಲೆಕ್ಕ ಹಾಕಿದರೆ ಮಾರನೇ ದಿನದ ಲಿಸ್ಟ್‌ಗೆ ಸಿಲಿಂಡರ್ ಸಾಕಾಗುತ್ತದೋ ಇಲ್ಲವೋ ಹಿಂದಿನ ಸಂಜೆಯೇ ಗೊತ್ತಾಗುತ್ತದೆ. ಓಟಿ ಸ್ಟೋರ್‌ನಲ್ಲಿ ಒಂದು ತೂಕದ ಯಂತ್ರ ಇಡುವ ಖರ್ಚು ಏನೇನೂ ಅಲ್ಲ. ಸ್ಪೇರ್ ಸಿಲಿಂಡರ್ ಮತ್ತು ಅದರ ಸ್ಪ್ಯಾನರ್ ಥಿಯೇಟರ್ ಒಳಗೇ ಇರಲಿ.

ದೀರ್ಘ ಕೇಸ್‌ನಲ್ಲಿ ಇನ್ನೊಂದು ಪಜೀತಿ ಆಗುತ್ತದೆ. ಅನಿಲ ಜೋರಾಗಿ ಹರಿದಾಗ ಒಳಗಿನ ದ್ರವ ಕುದಿದು ಆವಿಯಾಗುತ್ತದೆ, ಅದಕ್ಕೆ ಬೇಕಾದ ಶಾಖವನ್ನು ಸಿಲಿಂಡರ್‌ನಿಂದಲೇ ಎಳೆದುಕೊಳ್ಳುತ್ತದೆ. ಸಿಲಿಂಡರ್ ತಣ್ಣಗಾಗಿ ಮೈ ಬೆವರುತ್ತದೆ, ವಾಲ್ವ್ ಹತ್ತಿರ ಹಿಮದ ಪೊರೆ ಕಟ್ಟುತ್ತದೆ, ಒತ್ತಡ ಇಳಿದು ಯಂತ್ರ 'ಸಪ್ಲೈ ಕಡಿಮೆ' ಎಂದು ಕೂಗುತ್ತದೆ. ಸಿಲಿಂಡರ್ ಬದಲಿಸಿ ಮೂಲೆಗಿಟ್ಟರೆ ಅರ್ಧ ಗಂಟೆಯಲ್ಲಿ ಅದರ ಗೇಜ್ ಮತ್ತೆ ಮೇಲೇರಿರುತ್ತದೆ. ಅನಿಲ ಮುಗಿದಿರಲಿಲ್ಲ, ತಣ್ಣಗಾಗಿತ್ತಷ್ಟೆ. ಸಣ್ಣ ಸಿಲಿಂಡರ್‌ಗಳಲ್ಲಿ ಇದು ಹೆಚ್ಚು. ಬಿಸಿನೀರು ಸುರಿಯುವುದು, ಹೀಟರ್ ಹಿಡಿಯುವುದು ಮಾತ್ರ ಬೇಡವೇ ಬೇಡ. ರಾಯಚೂರು, ಕಲಬುರಗಿ ಕಡೆಯ ಬೇಸಿಗೆಯಲ್ಲಿ ತೊಂದರೆ ತಿರುಗುಮುರುಗು. 31 ಡಿಗ್ರಿ ದಾಟಿದರೆ ಈ ಅನಿಲ ದ್ರವವಾಗಿ ಉಳಿಯುವುದೇ ಇಲ್ಲ, ಒತ್ತಡ ಏರುತ್ತಲೇ ಹೋಗುತ್ತದೆ. ಸಿಲಿಂಡರ್‌ಗಳನ್ನು ಶೀಟ್ ಮಾಡಿನ ಕೆಳಗೆ, ಜನರೇಟರ್ ಪಕ್ಕ ಇಡುವ ಅಭ್ಯಾಸವನ್ನು ಕೂಡಲೇ ನಿಲ್ಲಿಸಬೇಕು.

ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಲಿ, ಸರಪಳಿ ಹಾಕಿರಲಿ. ಮಲಗಿಸಿದರೆ ಆವಿಯ ಬದಲು ದ್ರವವೇ ಹೋಸ್‌ಗೆ ನುಗ್ಗುತ್ತದೆ. ಯಂತ್ರದ ಒಳಗಿನ ರೆಗ್ಯುಲೇಟರ್ ಹೆಪ್ಪುಗಟ್ಟಿ ಕೆಡುತ್ತದೆ, ವಾರಂಟಿಯಲ್ಲಿ ಅದು ಬರುವುದಿಲ್ಲ. ಹೋಸ್ ಅನ್ನು ಸಿಲಿಂಡರ್‌ಗೆ ಕೂಡಿಸುವ ನೊಗ ಕೂರಿಸುವ ಮೊದಲು ವಾಲ್ವ್ ಬಾಯಿ ಜನರ ಕಡೆಗಿಲ್ಲದಂತೆ ತಿರುಗಿಸಿ ಒಂದು ಕ್ಷಣ ತೆರೆದು ಮುಚ್ಚಿ, ಧೂಳು ಹಾರಿಹೋಗಲಿ. ನೊಗ ಮತ್ತು ವಾಲ್ವ್ ನಡುವಿನ ಸೀಲ್ ವಾಷರ್ ಒಂದೇ ಇರಬೇಕು. ಸೋರುತ್ತದೆಂದು ಎರಡು ಹಾಕಿದರೆ ಪಿನ್‌ಗಳು ತೂತಿನೊಳಗೆ ಪೂರ್ತಿ ಕೂರದೆ ತಪ್ಪು ಸಿಲಿಂಡರ್ ಕೂಡ ಹಿಡಿದುಕೊಳ್ಳುವ ಸಂಭವ ಇದೆ. ಕಾರ್ಬನ್ ಡೈಆಕ್ಸೈಡ್‌ನ ಪಿನ್ ಜಾಗ 1 ಮತ್ತು 6, ಆಕ್ಸಿಜನ್‌ನದು 2 ಮತ್ತು 5. ಈ ಪಿನ್‌ಗಳನ್ನು ಉಜ್ಜಿ ತೆಗೆಯುವುದು, ಅಡಾಪ್ಟರ್ ಹಾಕಿ 'ಹೊಂದಿಸುವುದು' ಕ್ಷಮಿಸಲಾಗದ ಕೆಲಸ. ಸೋಡಾ ಫ್ಯಾಕ್ಟರಿಗೆ, ವೆಲ್ಡಿಂಗ್‌ಗೆ ಹೋಗುವ ಸಿಲಿಂಡರ್ ಅಗ್ಗವಾಗಿ ಸಿಗುತ್ತದೆಂದು ತರಿಸುವವರಿಗೂ ಇದೇ ಮಾತು. ಐಪಿ (ಇಂಡಿಯನ್ ಫಾರ್ಮಾಕೋಪಿಯಾ) ಎಂದು ಲೇಬಲ್ ಇರುವ ವೈದ್ಯಕೀಯ ದರ್ಜೆಯದೇ ಬೇಕು. ತೇವ, ಎಣ್ಣೆ, ತುಕ್ಕಿನ ಪುಡಿ ರೋಗಿಯ ಹೊಟ್ಟೆಗೂ ಹೋಗಬಾರದು, ಯಂತ್ರದ ವಾಲ್ವ್‌ಗೂ ಹೋಗಬಾರದು.

ಈಗ ಯಂತ್ರದ ಮುಂದೆ ಬರೋಣ. ಇದರಲ್ಲಿ ನೋಡಬೇಕಾದದ್ದು ನಾಲ್ಕು ಅಂಕಿ: ನಿಗದಿ ಮಾಡಿದ ಒತ್ತಡ, ಹೊಟ್ಟೆಯೊಳಗಿನ ನಿಜ ಒತ್ತಡ, ಹರಿವು, ಒಟ್ಟು ಖರ್ಚಾದ ಲೀಟರ್. ವಯಸ್ಕರಿಗೆ ಸಾಮಾನ್ಯವಾಗಿ 12ರಿಂದ 15 ಮಿ.ಮೀ. ಪಾದರಸ. ಕೆಲಸ ನಡೆಯುವಂತಿದ್ದರೆ 8–10ಕ್ಕೆ ಇಳಿಸಿದಷ್ಟೂ ಹೃದಯಕ್ಕೆ, ಮೂತ್ರಪಿಂಡಕ್ಕೆ, ಆಮೇಲಿನ ಭುಜದ ನೋವಿಗೆ ಒಳ್ಳೆಯದು. ಎಳೆಯ ಮಕ್ಕಳಿಗೆ ಇನ್ನೂ ಕಡಿಮೆ, ಹರಿವೂ ಕಡಿಮೆ. ಮಕ್ಕಳ ಸರ್ಜರಿ ಮಾಡುವವರು ನಿಮಿಷಕ್ಕೆ 1 ಲೀಟರ್‌ಗಿಂತ ಕೆಳಗೂ ಇಳಿಸಬಲ್ಲ ಪೀಡಿಯಾಟ್ರಿಕ್ ಮೋಡ್ ಇದೆಯೇ ಎಂದು ನೋಡದೆ ಕೊಳ್ಳಬಾರದು.

ಹೆಚ್ಚಿನ ಯಂತ್ರಗಳು ಒಂದೇ ಕೊಳವೆಯಲ್ಲಿ ಅನಿಲ ಬಿಡುತ್ತವೆ, ನಿಲ್ಲಿಸುತ್ತವೆ, ಅಳೆಯುತ್ತವೆ, ಮತ್ತೆ ಬಿಡುತ್ತವೆ. ಹರಿವು ನಿಂತ ಕ್ಷಣದಲ್ಲಷ್ಟೇ ಪರದೆಯ ಒತ್ತಡ ಹೊಟ್ಟೆಯ ಒತ್ತಡ. ಈ ಬಿಟ್ಟು ಅಳೆಯುವ ಆಟ ಎಷ್ಟು ಚುರುಕು ಎಂಬುದರಲ್ಲೇ ಒಳ್ಳೆಯ ಯಂತ್ರಕ್ಕೂ ಸಾಧಾರಣ ಯಂತ್ರಕ್ಕೂ ವ್ಯತ್ಯಾಸ, ಲೀಟರ್‌ನಲ್ಲಲ್ಲ. ಮಂದಗತಿಯ ಯಂತ್ರದಲ್ಲಿ ಹೊಟ್ಟೆ ಉಸಿರಾಡಿದಂತೆ ಏರಿಳಿಯುತ್ತದೆ, ಹೊಲಿಗೆ ಹಾಕುವಾಗ ಸೂಜಿಯ ಗುರಿ ತಪ್ಪುತ್ತದೆ.

ಒತ್ತಡ ಮಿತಿ ಮೀರಿದರೆ ಯಂತ್ರ ಏನು ಮಾಡುತ್ತದೆ ಎಂಬುದನ್ನು ಸೇಲ್ಸ್‌ನವರ ಬಾಯಿಂದ ಕೇಳಬೇಡಿ, ಮಾಡಿ ನೋಡಿ. ಕೊಳವೆಯ ತುದಿಗೆ ದೊಡ್ಡ ಗ್ಲೌಸ್ ಕಟ್ಟಿ 12ಕ್ಕೆ ಉಬ್ಬಿಸಿ, ಅಂಗೈಯಿಂದ ಒತ್ತಿ. ಅಲಾರಂ ಕೂಡಲೇ ಕೂಗಬೇಕು; ಹೆಚ್ಚಿನವು ಆಗ ಅನಿಲವನ್ನು ತಾವೇ ಹೊರಬಿಡುತ್ತವೆ. ಥಿಯೇಟರ್‌ನಲ್ಲಿ ಈ ಅಲಾರಂ ಬಂದರೆ ಅದನ್ನು ಮ್ಯೂಟ್ ಮಾಡುವ ಮೊದಲು ಕಾರಣ ಹುಡುಕಿ: ಸ್ನಾಯು ಸಡಿಲಿಸುವ ಔಷಧ ಇಳಿದಿರಬಹುದು, ಅಸಿಸ್ಟೆಂಟ್ ಮೊಣಕೈ ಹೊಟ್ಟೆಯ ಮೇಲಿರಬಹುದು. ಆರ್ಗಾನ್ ಕೊಯಾಗ್ಯುಲೇಟರ್ ಬಳಸುವಾಗ ಮಾತ್ರ ಎಚ್ಚರ ಇನ್ನೂ ಹೆಚ್ಚು ಬೇಕು. ಅದು ತನ್ನದೇ ಅನಿಲವನ್ನು ಹೊಟ್ಟೆಗೆ ಸುರಿಯುತ್ತದೆ; ಆರ್ಗಾನ್ ರಕ್ತದಲ್ಲಿ ಸುಲಭಕ್ಕೆ ಕರಗದು, ರಕ್ತನಾಳ ಸೇರಿದರೆ ಪ್ರಾಣಕ್ಕೇ ಸಂಚಕಾರ. ಆ ಹೊತ್ತಿನಲ್ಲಿ ಒಂದು ಪೋರ್ಟ್‌ನ, ಅಂದರೆ ಹೊಟ್ಟೆಗೆ ಕೂರಿಸಿದ ಟ್ರೋಕಾರ್‌ನ, ಟ್ಯಾಪ್ ತೆರೆದಿರಬೇಕು.

ಡೆಮೊ ದಿನ ಮಾಡಬೇಕಾದ ಇನ್ನೆರಡು ಪರೀಕ್ಷೆಗಳಿಗೆ ಹಣ ಬೇಡ. ಒತ್ತಡ ಸರಿಯಿದೆಯೇ ನೋಡಲು ಉದ್ದನೆಯ ಪಾರದರ್ಶಕ ಜಾಡಿಯಲ್ಲಿ ನೀರು ತುಂಬಿ. 15 ಮಿ.ಮೀ. ಪಾದರಸ ಎಂದರೆ 20.4 ಸೆಂ.ಮೀ. ನೀರು, 12 ಎಂದರೆ 16.3 ಸೆಂ.ಮೀ. ಯಂತ್ರವನ್ನು ನೀರಿನ ಮಟ್ಟಕ್ಕಿಂತ ಎತ್ತರದಲ್ಲಿಟ್ಟು, ಫಿಲ್ಟರ್ ಹಾಕಿ, 15ಕ್ಕೆ ನಿಗದಿ ಮಾಡಿ, ಕೊಳವೆಯ ತುದಿಯನ್ನು ಮೆಲ್ಲಗೆ ಇಳಿಸುತ್ತ ಹೋಗಿ. 20 ಸೆಂ.ಮೀ. ಆಸುಪಾಸಿನಲ್ಲಿ ಗುಳ್ಳೆ ನಿಲ್ಲಬೇಕು. 25 ಸೆಂ.ಮೀ. ಆಳದಲ್ಲೂ ಗುಳ್ಳೆ ಬರುತ್ತಲೇ ಇದ್ದರೆ ಯಂತ್ರ 18ಕ್ಕೂ ಮೀರಿ ತಳ್ಳುತ್ತಿದೆ ಎಂದರ್ಥ, ಪರದೆ ಏನೇ ತೋರಿಸಲಿ. ಹರಿವು ಅಳೆಯಲು ನಿಮ್ಮದೇ ಟ್ರೋಕಾರ್‌ಗೆ ನಿಮ್ಮದೇ ಟೆಲಿಸ್ಕೋಪ್ ತೂರಿಸಿ, ತುದಿಗೆ 5 ಲೀಟರ್‌ನ ತೆಳು ಪ್ಲಾಸ್ಟಿಕ್ ಚೀಲ ಕಟ್ಟಿ, ತುಂಬಲು ಎಷ್ಟು ಸೆಕೆಂಡ್ ಬೇಕು ನೋಡಿ. 300ನ್ನು ಆ ಸೆಕೆಂಡ್‌ನಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಲೀಟರ್ ಎಂದು ಸಿಗುತ್ತದೆ. 7.5 ಸೆಕೆಂಡ್‌ನಲ್ಲಿ ತುಂಬಿದರೆ 40 ಲೀಟರ್; 25 ಸೆಕೆಂಡ್ ಹಿಡಿದರೆ 12 ಲೀಟರ್. ಮೇಜಿನ ಮೇಲಿಟ್ಟ ಯಂತ್ರದ ಬ್ರೋಷರ್ ಬದಿಗಿಟ್ಟು ಈ ಅಂಕಿ ಬರೆದುಕೊಳ್ಳಿ.

40 ಲೀಟರ್ ಎಲ್ಲಿ ಕಳೆದುಹೋಗುತ್ತದೆ? ಕೊಳವೆ, ಫಿಲ್ಟರ್, ಟ್ರೋಕಾರ್‌ನ ಟ್ಯಾಪ್, ಟ್ರೋಕಾರ್ ಒಳಗೆ ಟೆಲಿಸ್ಕೋಪ್ ಬಿಟ್ಟುಕೊಟ್ಟ ಸಂದು, ಇವುಗಳಲ್ಲಿ. ಅನಿಲ ನಯವಾಗಿ ಹರಿಯುವಾಗ ನಳಿಕೆಯ ಒಳವ್ಯಾಸ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಕೊಳವೆಯನ್ನು ತಿರುಗಿಸಿ ಕೂಡಿಸುವ ಲೂಯರ್ ಲಾಕ್ ತುದಿಯ ಕಿರಿದಾದ ತೂತು, ಅದರ ಹಿಂದಿನ ಸಣ್ಣ ಸ್ಟಾಪ್‌ಕಾಕ್ ಸೇರಿ ದೊಡ್ಡ ಯಂತ್ರವನ್ನು ಸಣ್ಣದಾಗಿಸುತ್ತವೆ. 10 ಮಿ.ಮೀ. ಟ್ರೋಕಾರ್‌ನಲ್ಲಿ 10 ಮಿ.ಮೀ. ಟೆಲಿಸ್ಕೋಪ್ ಇಟ್ಟು ಅದಕ್ಕೇ ಅನಿಲದ ಕೊಳವೆ ಸಿಕ್ಕಿಸುವುದು ಎಲ್ಲೆಡೆ ಇರುವ ರೂಢಿ, ಮತ್ತು ಅತಿ ಕೆಟ್ಟ ರೂಢಿ. ಟೆಲಿಸ್ಕೋಪ್ ಸುತ್ತ ಉಳಿಯುವ ಸಂದು ಕೂದಲೆಳೆಯಷ್ಟು. ಸಾಲದ್ದಕ್ಕೆ ತಣ್ಣನೆಯ ಅನಿಲ ನೇರ ಲೆನ್ಸಿನ ಪಕ್ಕ ಹರಿದು ಮಂಜು ಕಟ್ಟಿಸುತ್ತದೆ. ಪೋರ್ಟ್‌ಗಳೆಲ್ಲ ಆದ ಮೇಲೆ ಕೊಳವೆಯನ್ನು ಟೆಲಿಸ್ಕೋಪ್ ಇಲ್ಲದ, ಅಗಲವಾದ ಪೋರ್ಟ್‌ಗೆ ಬದಲಿಸಿ. 10ರ ಪೋರ್ಟ್‌ನಲ್ಲಿ 5 ಮಿ.ಮೀ. ಉಪಕರಣ ಆಡುತ್ತಿದ್ದರೆ ಇನ್ನೂ ಒಳ್ಳೆಯದು. ಹೈ ಫ್ಲೋ ಯಂತ್ರ ಕೊಂಡವರು ಅಗಲ ಬೋರಿನ ಕೊಳವೆ, ಅದಕ್ಕೆ ಹೊಂದುವ ಫಿಲ್ಟರ್, ದೊಡ್ಡ ಟ್ಯಾಪ್‌ನ ಟ್ರೋಕಾರ್ ಕೊಳ್ಳದಿದ್ದರೆ ಹಣ ಅರ್ಧ ವ್ಯರ್ಥ.

ಬರೀ ಪಿತ್ತಕೋಶ, ಅಪೆಂಡಿಕ್ಸ್ ಮಾಡುವ ಆಸ್ಪತ್ರೆಗೆ ಒಳ್ಳೆಯ 20 ಲೀಟರ್ ಯಂತ್ರ ಸಾಕು ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. 40ರ ಅಗತ್ಯ ನಿಜವಾಗಿ ಬರುವುದು ರಕ್ತಸ್ರಾವ ಆದಾಗ ಸಕ್ಷನ್ ಎಡೆಬಿಡದೆ ಓಡುವ ಕಡೆ, ಲ್ಯಾಪ್ರೋಸ್ಕೋಪಿಕ್ ಗರ್ಭಕೋಶದ ಆಪರೇಷನ್‌ನಲ್ಲಿ ಯೋನಿಮಾರ್ಗ ತೆರೆದುಕೊಂಡು ಅನಿಲ ಬಡಬಡನೆ ಹೊರಬೀಳುವ ಕಡೆ, ಬೊಜ್ಜಿನ ಆಪರೇಷನ್‌ಗಳಲ್ಲಿ. ಇಂಥ ಕೇಸ್ ಇದ್ದವರಿಗೆ 40 ಲೀಟರ್ ಯಂತ್ರ ಬೆಲೆಗೆ ತಕ್ಕ ಕೆಲಸ ಮಾಡುತ್ತದೆ.

ಮೊದಲ ಅನಿಲ ತುಂಬಲು ಹೊಟ್ಟೆಗೆ ಚುಚ್ಚುವ ವೆರೆಸ್ ಸೂಜಿಗೆ ಈ ಯಾವ ಅಂಕಿಯೂ ಲೆಕ್ಕಕ್ಕಿಲ್ಲ. ಯಾನೋಶ್ ವೆರೆಸ್ 1938ರಲ್ಲಿ ಪ್ರಕಟಿಸಿದ ಈ ಸೂಜಿ ಹುಟ್ಟಿದ್ದು ಕ್ಷಯ ರೋಗಿಗಳ ಎದೆಗೂಡಿಗೆ ಗಾಳಿ ತುಂಬಲು. ಅದರ ಬೋರ್ ಕಿರಿದು. ಯಂತ್ರವನ್ನು 40ಕ್ಕೆ ಇಟ್ಟರೂ ನಿಮಿಷಕ್ಕೆ ಎರಡು, ಎರಡೂವರೆ ಲೀಟರ್‌ಗಿಂತ ಹೆಚ್ಚು ಹೋಗದು. ಆದ್ದರಿಂದ ಆರಂಭದಲ್ಲಿ 1 ಲೀಟರ್‌ಗೆ ಇಟ್ಟುಕೊಳ್ಳಿ. ಸೂಜಿ ಒಳಗೆ ಹೋಗುವ ಮೊದಲೇ ಕೊಳವೆಯಲ್ಲಿ ಅನಿಲ ಹರಿಸಿ ಅದರಲ್ಲಿದ್ದ ಗಾಳಿಯನ್ನು ಹೊರದೂಡಬೇಕು; ಇಲ್ಲವಾದರೆ ರೋಗಿಗೆ ಮೊದಲು ಹೋಗುವುದು ಗಾಳಿಯೇ. ಸೂಜಿಯ ಸ್ಪ್ರಿಂಗ್ ಚಿಮ್ಮುತ್ತಿದೆಯೇ, ದಾರಿ ತೆರೆದಿದೆಯೇ ಹೊರಗೇ ನೋಡಿಕೊಳ್ಳಿ. ಒಳಸೇರಿದ ಮೇಲೆ ಸಿರಿಂಜ್‌ನಿಂದ ಎಳೆದು ರಕ್ತ, ಮಲ ಬರುತ್ತಿಲ್ಲವೆಂದು ಖಚಿತಪಡಿಸಿಕೊಂಡು ಸಲೈನ್ ಹನಿ ಇಳಿಯುತ್ತದೆಯೇ ನೋಡುವುದು ವಾಡಿಕೆ. ಇವೆಲ್ಲಕ್ಕಿಂತ ನಂಬಿಕೆಗೆ ಅರ್ಹವಾದದ್ದು ಯಂತ್ರದ ಮೊದಲ ಒತ್ತಡ. ಅದು 8–10ರ ಒಳಗಿದ್ದು, ಹರಿವು ಸರಾಗವಾಗಿದ್ದರೆ ಸೂಜಿ ಸರಿಯಾದ ಜಾಗದಲ್ಲಿದೆ. ಒತ್ತಡ ಕೂಡಲೇ 15ಕ್ಕೆ ಹಾರಿ ಹರಿವು ಸೊನ್ನೆಯಾದರೆ ಒಂದೋ ಟ್ಯಾಪ್ ಮುಚ್ಚಿದೆ, ಇಲ್ಲವೇ ಸೂಜಿಯ ತುದಿ ಹೊಟ್ಟೆಯ ಒಳಪೊರೆಯ ಹೊರಗೆ ಅಥವಾ ಕರುಳಿನ ಮುಂದಿನ ಕೊಬ್ಬಿನ ಪರದೆಯಾದ ಒಮೆಂಟಮ್‌ನಲ್ಲಿ ಸಿಕ್ಕಿದೆ. ಒತ್ತಡ ಹೆಚ್ಚಿಸಿ ತಳ್ಳಬೇಡಿ, ಸೂಜಿ ಹೊರತೆಗೆದು ಮತ್ತೆ ಹಾಕಿ. ಸರಿಯಾಗಿ ತುಂಬಿದ ವಯಸ್ಕರ ಹೊಟ್ಟೆ ಮೂರರಿಂದ ಐದು ಲೀಟರ್ ಹಿಡಿಯುತ್ತದೆ, ತಟ್ಟಿದರೆ ನಾಲ್ಕೂ ಕಡೆ ಸಮನಾಗಿ ಟೊಳ್ಳು ಸದ್ದು ಬರುತ್ತದೆ. ಮೊದಲ ಟ್ರೋಕಾರ್ ಚುಚ್ಚುವ ಆ ಕೆಲವು ಕ್ಷಣಕ್ಕೆ ಸ್ತ್ರೀರೋಗ ತಜ್ಞರು 20–25ಕ್ಕೆ ಏರಿಸುವುದುಂಟು. ಚುಚ್ಚಿದ ಕೂಡಲೇ ಇಳಿಸುವುದನ್ನು ಮರೆಯಬಾರದು.

ಅನಿಲ ತುಂಬುವ ಮೊದಲ ನಿಮಿಷಗಳಲ್ಲಿ ಸರ್ಜನ್ ಕಣ್ಣು ಹೊಟ್ಟೆಯ ಮೇಲಿದ್ದರೆ ಅರಿವಳಿಕೆ ತಜ್ಞರ ಕಣ್ಣು ನಾಡಿಯ ಮೇಲಿರುತ್ತದೆ. ಪೊರೆ ಹಠಾತ್ತನೆ ಹಿಗ್ಗಿದರೆ ವೇಗಸ್ ನರ ಕೆರಳಿ ನಾಡಿ 40ಕ್ಕೆ, 30ಕ್ಕೆ ಬೀಳಬಹುದು. ಅನಿಲ ನಿಲ್ಲಿಸಿ ಹೊಟ್ಟೆ ಸಡಿಲಿಸಿದರೆ ಬಹಳಷ್ಟು ಸಲ ತಾನೇ ಸರಿಹೋಗುತ್ತದೆ, ಅಟ್ರೋಪಿನ್ ಕೈಯಳತೆಯಲ್ಲಿರಲಿ. ನಿಧಾನ ಹರಿವಿನಿಂದ ಶುರುಮಾಡುವುದಕ್ಕೆ ಇದೂ ಒಂದು ಕಾರಣ. ರಕ್ತಕ್ಕೆ ಸೇರಿದ ಅನಿಲ ಉಸಿರಿನಲ್ಲಿ ಹೊರಬೀಳಬೇಕಾದ್ದರಿಂದ ಎಂಡ್-ಟೈಡಲ್ ಅಂಕಿ, ಅಂದರೆ ಉಸಿರು ಬಿಡುವ ಕೊನೆಯಲ್ಲಿ ಅಳೆದ ಕಾರ್ಬನ್ ಡೈಆಕ್ಸೈಡ್, ಏರುತ್ತದೆ. ವೆಂಟಿಲೇಷನ್ ಕಾಲುಭಾಗದಷ್ಟು ಹೆಚ್ಚಿಸಿದರೆ ಸಾಮಾನ್ಯವಾಗಿ 15ರಿಂದ 30 ನಿಮಿಷದಲ್ಲಿ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಅದಾದ ಮೇಲೂ ಏರುತ್ತಲೇ ಇದ್ದರೆ ರೋಗಿಯ ಎದೆ, ಕತ್ತು ಮುಟ್ಟಿ ನೋಡಿ. ಚರ್ಮದಡಿ ಚರಚರ ಎಂದರೆ ಅನಿಲ ಅಲ್ಲಿ ಸೇರಿಕೊಂಡಿದೆ, ಯಾವುದೋ ಪೋರ್ಟ್ ಜಾರಿ ಪೊರೆಯ ಹೊರಗೆ ನಿಂತಿದೆ.

ಎಂಡ್-ಟೈಡಲ್ ಏರುವುದಕ್ಕಿಂತ ಭಯಂಕರವಾದದ್ದು ಅದು ಧುತ್ತನೆ ಬೀಳುವುದು, ಜೊತೆಗೆ ಬಿ.ಪಿ.ಯೂ ಕುಸಿಯುವುದು. ಅನಿಲ ರಕ್ತನಾಳಕ್ಕೆ ನುಗ್ಗಿ ಹೃದಯದಲ್ಲಿ ಬೀಗ ಹಾಕಿದಂತಾಗಿದೆ ಎಂದೇ ತಿಳಿಯಬೇಕು. ಇನ್ಸಫ್ಲೇಟರ್ ಆಫ್, ಪೋರ್ಟ್ ತೆರೆದು ಹೊಟ್ಟೆ ಖಾಲಿ, ನೂರಕ್ಕೆ ನೂರು ಆಕ್ಸಿಜನ್, ತಲೆ ತಗ್ಗಿಸಿ ಎಡಮಗ್ಗುಲಿಗೆ ತಿರುಗಿಸುವುದು. ಈ ಕ್ರಮ ಥಿಯೇಟರ್‌ನ ಪ್ರತಿಯೊಬ್ಬರಿಗೂ ಬಾಯಿಪಾಠ ಇರಬೇಕು.

ಫಿಲ್ಟರ್ ವಿಷಯದಲ್ಲಿ ನಮ್ಮ ಆಸ್ಪತ್ರೆಗಳು ಮಾಡುವ ಉಳಿತಾಯ ಕಂಡರೆ ಸಂಕಟವಾಗುತ್ತದೆ. ಯಂತ್ರ ಮತ್ತು ಕೊಳವೆಯ ನಡುವಿನ ನೀರು ಹಿಡಿಯದ ಫಿಲ್ಟರ್ ಎರಡು ಕೆಲಸ ಮಾಡುತ್ತದೆ: ಸಿಲಿಂಡರ್ ಕಡೆಯ ಪುಡಿ ರೋಗಿಗೆ ಹೋಗದಂತೆ, ರೋಗಿಯ ಹೊಟ್ಟೆಯ ರಕ್ತ, ದ್ರವ ಯಂತ್ರಕ್ಕೆ ಹಿಂದೆ ಬರದಂತೆ ತಡೆಯುತ್ತದೆ. ಒತ್ತಡ ಹೆಚ್ಚಾದಾಗ ಅನಿಲವನ್ನು ಒಳಕ್ಕೆಳೆದು ಹೊರಬಿಡುವ ಯಂತ್ರಗಳಲ್ಲಿ ಹಿಂಬರುವ ಸಾಧ್ಯತೆ ಇನ್ನೂ ಹೆಚ್ಚು. ಒಮ್ಮೆ ಒಳಗೆ ರಕ್ತ ಸೇರಿದರೆ ಮುಂದಿನ ಪ್ರತಿ ರೋಗಿಗೂ ಅದೇ ದಾರಿಯಿಂದ ಅನಿಲ ಹೋಗುತ್ತದೆ. ಫಿಲ್ಟರ್ ಒಬ್ಬ ರೋಗಿಗೆ ಒಂದು. ಈಟಿಒ ಅನಿಲದಲ್ಲಿ ಕ್ರಿಮಿಶುದ್ಧಿ ಮಾಡಿ ಮತ್ತೆ ಮತ್ತೆ ಬಳಸಿದ ಫಿಲ್ಟರ್ ತೇವ ಹಿಡಿದು ಹರಿವನ್ನೂ ಕಟ್ಟುತ್ತದೆ. ಆಗ ಯಂತ್ರವೇ ಕೆಟ್ಟಿದೆ ಎಂದು ಸರ್ವಿಸ್‌ಗೆ ಫೋನ್ ಹೋಗುತ್ತದೆ. ಯಂತ್ರವನ್ನು ರೋಗಿಯ ಮಟ್ಟಕ್ಕಿಂತ ಮೇಲಿನ ಅಟ್ಟದಲ್ಲಿಡಿ, ಆಪರೇಷನ್ ಮುಗಿದಾಗ ಮೊದಲು ಕೊಳವೆಯನ್ನು ರೋಗಿಯಿಂದ ಬಿಡಿಸಿ ಆಮೇಲೆ ಯಂತ್ರ ಆಫ್ ಮಾಡಿ.

ಬಿಸಿ ಮಾಡುವ ಸೌಲಭ್ಯಕ್ಕೆ ಹೆಚ್ಚು ಹಣ ಕೊಡಬೇಕೇ? ಬರೀ ಬಿಸಿಗಾದರೆ ಬೇಡ. ಸಿಲಿಂಡರ್‌ನಿಂದ ಬರುವ ಅನಿಲ ತಣ್ಣಗಿರುವುದಕ್ಕಿಂತ ಹೆಚ್ಚಾಗಿ ಒಣಗಿದ್ದು. ಒಂದು ಲೀಟರ್ ಅನಿಲವನ್ನು 20ರಿಂದ 37 ಡಿಗ್ರಿಗೆ ಏರಿಸಲು ಬೇಕಾದ ಶಾಖಕ್ಕಿಂತ ಅದಕ್ಕೆ ತೇವ ತುಂಬಲು ದೇಹ ಕಳೆದುಕೊಳ್ಳುವ ಶಾಖ ಸುಮಾರು ನಾಲ್ಕು ಪಟ್ಟು. ಬಿಸಿ ಮತ್ತು ತೇವ ಎರಡನ್ನೂ ಕೊಡುವ ಫಿಷರ್ ಅಂಡ್ ಪೈಕೆಲ್‌ನ ಹ್ಯೂಮಿಗಾರ್ಡ್‌ನಂಥ ವ್ಯವಸ್ಥೆಗೆ ಅರ್ಥವಿದೆ. ಆದರೂ ದೇಹದ ಉಷ್ಣಾಂಶದಲ್ಲಿ ಕಂಡುಬಂದ ಲಾಭ ಅಲ್ಪ. ಅದೇ ದುಡ್ಡಿನಲ್ಲಿ ರೋಗಿಗೆ ಬೆಚ್ಚನೆ ಗಾಳಿಯ ಹೊದಿಕೆ, ಬೆಚ್ಚಗಿನ ಸಲೈನ್ ಕೊಡುವುದು ಮೇಲು.

ಕಾನ್‌ಮೆಡ್‌ನ ಏರ್‌ಸೀಲ್ ಬೇರೆಯದೇ ಜಾತಿ. ಅದರ ಟ್ರೋಕಾರ್‌ನಲ್ಲಿ ರಬ್ಬರ್ ವಾಲ್ವೇ ಇಲ್ಲ. ಒಳಗೆ ಸುತ್ತುವ ಅನಿಲದ ಪರದೆಯೇ ಮುಚ್ಚಳ. ಒತ್ತಡ ಎಡೆಬಿಡದೆ ಅಳೆಯಲ್ಪಡುತ್ತದೆ, ಹೊಗೆ ತಾನಾಗಿ ಹೊರಹೋಗಿ ಸೋಸಿ ಬರುತ್ತದೆ. 8–10 ಮಿ.ಮೀ.ನಲ್ಲಿ ಹೊಟ್ಟೆ ಅಲ್ಲಾಡದೆ ನಿಲ್ಲುತ್ತದೆ. ಆಳದ ಪೆಲ್ವಿಸ್ ಕೆಲಸದಲ್ಲಿ, ರೊಬೊಟಿಕ್‌ನಲ್ಲಿ ಇದರ ಸುಖ ಬೇರೆ. ಅದರ ದೋಷವೂ ಅದೇ ತೆರೆದ ಬಾಯಿ: ಸಕ್ಷನ್ ಜೋರಾಗಿ ಎಳೆದಾಗ ಕೋಣೆಯ ಗಾಳಿ ಒಳಗೆ ಸೇರಬಲ್ಲದು, ಅಂದರೆ ಯಾವುದನ್ನು ಬಿಟ್ಟು ಕಾರ್ಬನ್ ಡೈಆಕ್ಸೈಡ್‌ಗೆ ಬಂದೆವೋ ಅದೇ ವಾಪಸ್. ದೊಡ್ಡ ರಕ್ತನಾಳ ತೆರೆದ ಕೇಸ್‌ಗಳಲ್ಲಿ ಸಕ್ಷನ್ ಚೂರು ಚೂರೇ ಬಳಸಬೇಕು. ಪ್ರತಿ ಕೇಸ್‌ಗೆ ಅದರದೇ ಕೊಳವೆ ಸೆಟ್, ಅದರದೇ ಟ್ರೋಕಾರ್ ಕೊಳ್ಳಬೇಕು. ತಾಲ್ಲೂಕು ಮಟ್ಟದ ಆಸ್ಪತ್ರೆಗೆ ಈ ಲೆಕ್ಕ ಕೂಡುವುದಿಲ್ಲ.

ಎಂಡೋಸ್ಕೋಪಿ ವಿಭಾಗದವರು ಈ ಅನಿಲಕ್ಕೆ ತಡವಾಗಿ ಬಂದರು, ಬಂದದ್ದು ಒಳ್ಳೆಯದಾಯಿತು. ಕೊಲೊನೋಸ್ಕೋಪಿಗೆ ಕೋಣೆಯ ಗಾಳಿ ತುಂಬಿದರೆ ರೋಗಿ ಮನೆಗೆ ಹೋದ ಮೇಲೂ ಹೊಟ್ಟೆ ಬಿಗಿದು ನರಳುತ್ತಾರೆ. ಕಾರ್ಬನ್ ಡೈಆಕ್ಸೈಡ್ ಕರುಳಿನ ಗೋಡೆಯಿಂದ ನೈಟ್ರೋಜನ್‌ಗಿಂತ ನೂರು ಪಟ್ಟಿಗೂ ಮಿಕ್ಕಿದ ವೇಗದಲ್ಲಿ ಹೀರಿಹೋಗುತ್ತದೆ. ರೋಗಿ ಏಳುವ ಹೊತ್ತಿಗೆ ಹೊಟ್ಟೆ ಹಗುರ. ಪಿತ್ತನಾಳಕ್ಕೆ ಮಾಡುವ ದೀರ್ಘಕಾಲದ ಇಆರ್‌ಸಿಪಿಯಲ್ಲಿ ಇದು ಬೇಕು. ಅನ್ನನಾಳದ ಗೋಡೆಯೊಳಗೇ ಸುರಂಗ ಕೊರೆಯುವ ಪೋಯೆಮ್‌ನಲ್ಲಂತೂ ಗಾಳಿ ಬಳಸುವ ಮಾತೇ ಇಲ್ಲ, ಎದೆಗೂಡಿಗೆ ನುಗ್ಗಿದ ಗಾಳಿ ಕರಗದೆ ಉಸಿರು ಕಟ್ಟಿಸುತ್ತದೆ.

ಒಲಿಂಪಸ್ ಯುಸಿಆರ್‌ನಂಥ ಪೆಟ್ಟಿಗೆ, ಅದಕ್ಕೆ ತಕ್ಕ ನೀರಿನ ಬಾಟಲ್, ಅನಿಲದ ಕೊಳವೆ, ಇಷ್ಟೇ ಸರಂಜಾಮು. ಜೋಡಿಸುವಾಗ ಹೆಚ್ಚಾಗಿ ಆಗುವ ತಪ್ಪು ಎಂದರೆ ಲೈಟ್ ಸೋರ್ಸ್‌ನ ಏರ್ ಪಂಪ್ ಆಫ್ ಮಾಡದಿರುವುದು. ಎರಡೂ ಓಡಿದರೆ ರೋಗಿಗೆ ಹೋಗುವುದು ಬೆರಕೆ. ಖರ್ಚು ಕಾರ್ಬನ್ ಡೈಆಕ್ಸೈಡ್‌ನದು, ಹೊಟ್ಟೆನೋವು ಗಾಳಿಯದು. ಸಾಮಾನ್ಯ ಏರ್-ವಾಟರ್ ಬಟನ್‌ನ ನಡುವಿನ ತೂತಿನಿಂದ, ಬೆರಳು ಇಡದಿದ್ದಾಗ ಅನಿಲ ಸುಮ್ಮನೆ ಕೋಣೆಗೆ ಸೋರುತ್ತಿರುತ್ತದೆ. ಒತ್ತಿದಾಗ ಮಾತ್ರ ಬಿಡುವ ಬಟನ್ ನಿಮ್ಮ ಸ್ಕೋಪ್‌ಗೆ ಸಿಗುತ್ತದೆಯೇ ಕೇಳಿ, ಕೇಸ್ ಮುಗಿದ ಕೂಡಲೇ ಪೆಟ್ಟಿಗೆ ಆಫ್ ಮಾಡಿ, ಕಿಟಕಿಯಿಲ್ಲದ ಚಿಕ್ಕ ಕೋಣೆಯಲ್ಲಿ ಗಾಳಿ ಬದಲಾಗುವ ವ್ಯವಸ್ಥೆ ಇರಲಿ. ಶ್ವಾಸಕೋಶ ಸೋತ, ಈಗಾಗಲೇ ಕಾರ್ಬನ್ ಡೈಆಕ್ಸೈಡ್ ಕೂಡಿಟ್ಟುಕೊಂಡಿರುವ ರೋಗಿಗೆ ಆಳವಾದ ಮಂಪರಿನಲ್ಲಿ ಇದನ್ನು ತುಂಬುವಾಗ ಆಕ್ಸಿಮೀಟರ್ ಒಂದನ್ನೇ ನಂಬಬೇಡಿ, ಉಸಿರಿನ ಕಾರ್ಬನ್ ಡೈಆಕ್ಸೈಡ್ ಅಳೆಯುವ ಕ್ಯಾಪ್ನೋಗ್ರಾಫ್ ಬೇಕು.

ಒಂದು ವಿಭಾಗದ ಯಂತ್ರವನ್ನು ಇನ್ನೊಂದಕ್ಕೆ ಎಂದೂ ಸಿಕ್ಕಿಸಬೇಡಿ. ಗರ್ಭಕೋಶದೊಳಗೆ ನೋಡುವ ಹಿಸ್ಟರೋಸ್ಕೋಪಿಗೆ ಅನಿಲ ಬಳಸುವುದಾದರೆ ಮಿತಿ ನಿಮಿಷಕ್ಕೆ 100 ಮಿಲಿ ಲೀಟರ್. ಲ್ಯಾಪ್ರೋಸ್ಕೋಪಿ ಯಂತ್ರ ವಯಸ್ಕರಿಗೆ ಆರಂಭದಲ್ಲಿಡುವ 1 ಲೀಟರ್ ಹರಿವಿನಲ್ಲೂ ಅದರ ಹತ್ತು ಪಟ್ಟು ತಳ್ಳುತ್ತದೆ; ಈ ಅದಲು ಬದಲಿಗೆ ಜೀವಗಳು ಹೋಗಿವೆ. ಎಂಡೋಸ್ಕೋಪಿ ಪೆಟ್ಟಿಗೆಗೆ ಹೊಟ್ಟೆಯೊಳಗಿನ ಒತ್ತಡ ಅಳೆದು ನಿಲ್ಲುವ ಬುದ್ಧಿಯೇ ಇಲ್ಲ, ಅದನ್ನು ಟ್ರೋಕಾರ್‌ಗೆ ಹಾಕುವುದೂ ಅಷ್ಟೇ ಅಪಾಯ. ಎರಡರ ಕೊಳವೆಗಳಿಗೂ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿಡಿ.

ಆಪರೇಷನ್ ಮುಗಿಸುವ ಐದು ನಿಮಿಷಕ್ಕೂ ಅಷ್ಟೇ ಗಮನ ಕೊಡಿ. ಒಳಗೆ ಉಳಿದ ಅನಿಲ ವಪೆಯ ಕೆಳಗೆ ಸೇರಿ ಫ್ರೆನಿಕ್ ನರ ಕೆರಳಿಸುತ್ತದೆ. ಹೊಟ್ಟೆಯ ಆಪರೇಷನ್‌ಗೆ ಭುಜ ಯಾಕೆ ನೋಯುತ್ತಿದೆ ಎಂದು ರೋಗಿ ಗಾಬರಿಯಾಗುವುದು ಇದರಿಂದ. ಯಂತ್ರ ನಿಲ್ಲಿಸಿ, ತಲೆಯ ಕಡೆ ತುಸು ತಗ್ಗಿಸಿ, ಪೋರ್ಟ್ ಟ್ಯಾಪ್‌ಗಳನ್ನು ತೆರೆದಿಟ್ಟು, ಅರಿವಳಿಕೆ ತಜ್ಞರಿಗೆ ಹೇಳಿ ನಾಲ್ಕೈದು ದೀರ್ಘ ಉಸಿರು ಕೊಡಿಸಿ; ವಪೆ ಕೆಳಗಿಳಿದು ಅನಿಲವನ್ನು ಹೊರತಳ್ಳುತ್ತದೆ. ಹೊಗೆ ತುಂಬಿದ ಅನಿಲವನ್ನು ಮುಖದ ಮುಂದೆ ಹಾಗೇ ಬಿಡದೆ ಫಿಲ್ಟರ್ ಮೂಲಕ ಬಿಡುವ ರೂಢಿ ಕೋವಿಡ್ ಕಾಲದಲ್ಲಿ ಬಂತು, ಅದನ್ನು ಕೈಬಿಡಬೇಡಿ. ರೋಗಿಗೂ ಮುಂಚೆಯೇ ಭುಜದ ನೋವಿನ ಬಗ್ಗೆ ಹೇಳಿಟ್ಟಿರಿ, ಒಂದೆರಡು ದಿನದಲ್ಲಿ ಹೋಗುತ್ತದೆ ಎಂದು ಗೊತ್ತಿದ್ದರೆ ಅರ್ಧ ಭಯ ಇಳಿಯುತ್ತದೆ.

ಕೊಳ್ಳುವ ಪತ್ರಕ್ಕೆ ಸಹಿ ಹಾಕುವ ಮೊದಲು ಬರೆಸಿಕೊಳ್ಳಬೇಕಾದವು: ಹೈ ಪ್ರೆಶರ್ ಹೋಸ್ ಮತ್ತು ಪಿನ್ ಇಂಡೆಕ್ಸ್ ನೊಗ ಬೆಲೆಯಲ್ಲೇ ಸೇರಿದೆಯೇ, ಅಗಲ ಬೋರಿನ ಕೊಳವೆ ಎಷ್ಟು, ಆಟೋಕ್ಲೇವ್ ಮಾಡಬಹುದೇ, ಫಿಲ್ಟರ್ ಒಂದರ ಬೆಲೆ ಎಷ್ಟು, ಬೇರೆ ಕಂಪನಿಯ ಫಿಲ್ಟರ್ ಕೂರುತ್ತದೆಯೇ, ವರ್ಷಕ್ಕೊಮ್ಮೆ ಒತ್ತಡದ ಕ್ಯಾಲಿಬ್ರೇಷನ್ ಮಾಡಿ ಸರ್ಟಿಫಿಕೇಟ್ ಕೊಡುತ್ತಾರೆಯೇ, ಯಂತ್ರ ಸರ್ವಿಸ್‌ಗೆ ಹೋದರೆ ಬದಲಿ ಯಂತ್ರ ಎಷ್ಟು ಗಂಟೆಯಲ್ಲಿ ಬರುತ್ತದೆ. ಕೊನೆಯದಕ್ಕೆ "ನೋಡೋಣ ಸರ್" ಎಂಬ ಉತ್ತರ ಬಂದರೆ ಹತ್ತಿರದ ಊರಿನಲ್ಲಿ ಸರ್ವಿಸ್ ಎಂಜಿನಿಯರ್ ಇರುವ ಕಂಪನಿಯ 20 ಲೀಟರ್ ಯಂತ್ರವನ್ನೇ ಆರಿಸಿಕೊಳ್ಳಿ.